ಕುದುರೆಯಿಂದ ಬಿದ್ದು, ಸಾವಿನ ಹೊಸ್ತಿಲು ಮುಟ್ಟಿ ಬಂದ ಮಾಂಟೇನ್

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಬೋರ್ಡೋ ಎಂಬ ಬಂದರು ನಗರವಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ಹೋದರೆ ದ್ರಾಕ್ಷಿ ತೋಟಗಳ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ದೊಡ್ಡ ಮನೆ. 1569-70ರ ಸುಮಾರಿಗೆ ಒಂದು ದಿನ ಆ ಮನೆಯ ಆಳುಗಳು ತಮ್ಮ ಯಜಮಾನನನ್ನು ತೋಳುಗಳಲ್ಲಿ ಎತ್ತಿಕೊಂಡು ಬರುತ್ತಿದ್ದರು. ಯಜಮಾನನ ಮುಖ ತರಚಿ ರಕ್ತಮಯವಾಗಿತ್ತು. ಮೈಯಲ್ಲಿ ಅಲುಗಾಟವಿರಲಿಲ್ಲ. ಎಬ್ಬಿಸಲು ಮಾಡಿದ ಪ್ರಯತ್ನವೆಲ್ಲ ಸೋತು, ಸತ್ತೇ ಹೋದನೆಂದು ಎಲ್ಲರೂ ನಂಬಿದ್ದರು.

ಆದರೆ ಆತ ಸತ್ತಿರಲಿಲ್ಲ. ಆಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಅಷ್ಟೇ ಅಲ್ಲ, ಆ ದಿನ ತನಗೆ ಏನಾಯಿತೆಂದು ಒಂದೊಂದೇ ಎಳೆ ಬಿಡಿಸಿ ಬರೆದಿಟ್ಟ. ಆತನೇ ಮಿಶೆಲ್ ದ ಮಾಂಟೇನ್. ಇಂದು ನಾವು ಪ್ರಬಂಧ ಎಂದು ಕರೆಯುವ ಬರವಣಿಗೆಯ ಪ್ರಕಾರಕ್ಕೆ ಜನಕನೆಂದು ಜಗತ್ತು ಗುರುತಿಸುವುದು ಈತನನ್ನೇ.

ಲ್ಯಾಟಿನ್ ಮಾತಾಡುವ ಮಗು

ಮಾಂಟೇನ್ ಹುಟ್ಟಿದ್ದು 1533ರ ಫೆಬ್ರವರಿ 28ರಂದು. ಮನೆತನದ ಮೂಲ ಹೆಸರು ಎಕೆಮ್. ಹಿರಿಯರು ಬೋರ್ಡೋದಲ್ಲಿ ಉಪ್ಪು ಮೀನು ಮತ್ತು ದ್ರಾಕ್ಷಾರಸದ ವ್ಯಾಪಾರ ಮಾಡಿ ಹಣ ಗಳಿಸಿದವರು. ಮುತ್ತಾತ 1477ರಲ್ಲಿ ಮಾಂಟೇನ್ ಎಂಬ ಜಮೀನು ಕೊಂಡ. ಆ ಊರ ಹೆಸರೇ ಮುಂದೆ ಮರಿಮಗನ ಹೆಸರಾಯಿತು.

ತಂದೆ ಪಿಯರ್ ಎಕೆಮ್ ಇಟಲಿಯ ಯುದ್ಧಗಳಲ್ಲಿ ಸೈನಿಕನಾಗಿದ್ದವನು. ಮುಂದೆ ಬೋರ್ಡೋ ನಗರದ ಮೇಯರ್ ಕೂಡ ಆದ. ಮಗನನ್ನು ಬೆಳೆಸುವಲ್ಲಿ ಆತನದು ವಿಚಿತ್ರ ಹಟ. ಮಗು ಬಡವರ ಬದುಕನ್ನು ಅರಿಯಲಿ ಎಂದು ಎಳೆತನದಲ್ಲಿ ಹತ್ತಿರದ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಬಿಟ್ಟ. ಮಾತು ಕಲಿಯುವ ವಯಸ್ಸಿಗೆ ಫ್ರೆಂಚ್ ಗೊತ್ತೇ ಇಲ್ಲದ ಒಬ್ಬ ಜರ್ಮನ್ ಪಂಡಿತನನ್ನು ನೇಮಿಸಿದ. ಮಗುವಿನ ಎದುರು ಯಾರೂ ಲ್ಯಾಟಿನ್ ಬಿಟ್ಟು ಬೇರೆ ಮಾತಾಡಕೂಡದು ಎಂಬ ಕಟ್ಟಪ್ಪಣೆ! ತಾಯಿ, ಆಳು, ಅಡಿಗೆಯವರೆಲ್ಲ ನಾಲ್ಕು ಲ್ಯಾಟಿನ್ ಶಬ್ದ ಕಲಿಯಬೇಕಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಉಪಕರಣಗಳಿಗೆ ಲ್ಯಾಟಿನ್ ಹೆಸರುಗಳೇ ಉಳಿದುಬಿಟ್ಟವು.

ಹೀಗೆ ಆರು ವರ್ಷದವರೆಗೆ ಹುಡುಗನಿಗೆ ರಾಜ್ಯದ ಭಾಷೆ ಫ್ರೆಂಚೂ ಬಾರದು, ಊರವರ ಪೆರಿಗೋರ್ ಸೀಮೆಯ ಮಾತೂ ಬಾರದು. ಆಮೇಲೆ ಬೋರ್ಡೋದ ಶಾಲೆಗೆ ಸೇರಿ ಫ್ರೆಂಚ್ ಕಲಿತ. ಲ್ಯಾಟಿನ್ ರೂಢಿ ತಪ್ಪಿತು. ಆದರೂ ಮನಸ್ಸಿನ ತಳದಲ್ಲಿ ಅದು ಉಳಿದೇ ಇತ್ತು. ದೊಡ್ಡವನಾದ ಮೇಲೆ ಒಮ್ಮೆ ಚೆನ್ನಾಗಿದ್ದ ತಂದೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ತನ್ನ ಮೇಲೆ ಒರಗಿದಾಗ, ಆತನ ಬಾಯಿಂದ ಹೊರಟ ಮೊದಲ ಮಾತು ಲ್ಯಾಟಿನ್‌ನಲ್ಲೇ ಇತ್ತಂತೆ. ಎರಡು ಮೂರು ಭಾಷೆಗಳ ನಡುವೆ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆಘಾತವಾದಾಗ ನಾಲಿಗೆಗೆ ಬರುವುದು ಯಾವ ಭಾಷೆ ಎಂಬುದು ಅವರವರಿಗೇ ಗೊತ್ತು.

ಸಾವಿನ ಮೇಲೆ ಸಾವು

ಓದು ಮುಗಿಸಿದ ಮಾಂಟೇನ್ 1557ರಿಂದ ಬೋರ್ಡೋದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿ ಕೆಲಸ ಮಾಡಿದ. ಅಲ್ಲಿ ಲಾ ಬೋಯೆಸಿ ಎಂಬ ಸಹೋದ್ಯೋಗಿಯೊಡನೆ ಬೆಳೆದ ಸ್ನೇಹ ಆತನ ಬದುಕಿನ ದೊಡ್ಡ ಸಂಪತ್ತಾಗಿತ್ತು. 1563ರ ಆಗಸ್ಟ್‌ನಲ್ಲಿ ಆ ಗೆಳೆಯ ಕಾಯಿಲೆ ಬಿದ್ದು 32ನೆಯ ವಯಸ್ಸಿನಲ್ಲೇ ತೀರಿಕೊಂಡ. ಮಾಂಟೇನ್ ಹಾಸಿಗೆಯ ಪಕ್ಕದಲ್ಲೇ ಕುಳಿತು ಆ ಸಾವನ್ನು ನೋಡಿದ. 1565ರಲ್ಲಿ ಫ್ರಾಂಸ್ವಾಸ್ ಎಂಬಾಕೆಯೊಡನೆ ಮದುವೆಯಾಯಿತು. 1568ರಲ್ಲಿ ತಂದೆ ತೀರಿಕೊಂಡು ಮನೆ, ಜಮೀನುಗಳ ಭಾರ ಹೆಗಲಿಗೆ ಬಿತ್ತು. 1570ರಲ್ಲಿ ಹುಟ್ಟಿದ ಚೊಚ್ಚಲ ಮಗಳು ಎರಡೇ ತಿಂಗಳಿಗೆ ಇಲ್ಲವಾದಳು. ದಂಪತಿಗೆ ಹುಟ್ಟಿದ ಆರು ಹೆಣ್ಣುಮಕ್ಕಳಲ್ಲಿ ಬೆಳೆದು ದೊಡ್ಡವಳಾದದ್ದು ಲಿಯೊನೋರ್ ಒಬ್ಬಳೇ.

ಎಲ್ಲಕ್ಕಿಂತ ವಿಚಿತ್ರವಾದದ್ದು ತಮ್ಮ ಆರ್ನೋನ ಸಾವು. 23 ವರ್ಷದ ಗಟ್ಟಿಮುಟ್ಟಾದ ಹುಡುಗ. ಚೆಂಡಾಟ ಆಡುತ್ತಿದ್ದಾಗ ಚೆಂಡು ಬಲಗಿವಿಯ ಸ್ವಲ್ಪ ಮೇಲೆ ಬಡಿಯಿತು. ಗಾಯವಿಲ್ಲ, ಬಾವಿಲ್ಲ. ಆತ ಕೂರಲೂ ಇಲ್ಲ, ವಿಶ್ರಾಂತಿ ಪಡೆಯಲೂ ಇಲ್ಲ. ಐದಾರು ಗಂಟೆಗಳ ನಂತರ ಆ ಪೆಟ್ಟಿನಿಂದಲೇ ಕುಸಿದು ಸತ್ತ.

ಒಂದು ಚೆಂಡು ಇಷ್ಟು ಮಾಡಬಹುದಾದರೆ ಮನುಷ್ಯ ಯಾವ ಧೈರ್ಯದ ಮೇಲೆ ಬದುಕಬೇಕು? ಮಾಂಟೇನ್‌ನ ತಲೆಯಲ್ಲಿ ಈ ಪ್ರಶ್ನೆ ಹೊಕ್ಕು ಕುಳಿತಿತ್ತು. ಹಳೆಯ ಗ್ರೀಕ್, ರೋಮನ್ ತತ್ವಜ್ಞಾನಿಗಳೆಲ್ಲ ಸಾವನ್ನು ಸದಾ ಕಣ್ಮುಂದೆ ಇಟ್ಟುಕೊಂಡರೆ ಅದರ ಭಯ ಹೋಗುತ್ತದೆ ಎಂದು ಬೋಧಿಸಿದ್ದರು. ಆತ ಹಾಗೆಯೇ ಮಾಡಿದ. ಹಬ್ಬದ ಊಟದಲ್ಲೂ ಆಟದಲ್ಲೂ ಸಾವಿನದೇ ಯೋಚನೆ. ಭಯವೇನೂ ಕಡಿಮೆಯಾಗಲಿಲ್ಲ.

ಮನೆಗೆ ಹರದಾರಿ ದೂರದಲ್ಲಿ

ಆ ಕಾಲಕ್ಕೆ ಫ್ರಾನ್ಸ್ ಹೊತ್ತಿ ಉರಿಯುತ್ತಿತ್ತು. 1562ರಿಂದ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಒಂದರ ಹಿಂದೆ ಒಂದು ಯುದ್ಧ. ಊರೂರಿನಲ್ಲಿ ಕೊಲೆ, ಲೂಟಿ. ಮಾಂಟೇನ್ ಕ್ಯಾಥೊಲಿಕ್. ಆದರೆ ಆತನ ಒಡಹುಟ್ಟಿದವರಲ್ಲೇ ಕೆಲವರು ಪ್ರಾಟೆಸ್ಟೆಂಟರಾಗಿದ್ದರು. ಆತನ ಮನೆ ಇದ್ದದ್ದು ಗಲಭೆಯ ನಟ್ಟನಡುವಿನ ಸೀಮೆಯಲ್ಲಿ.

ಹಾಗಿದ್ದರೂ ಅಂದು ಆತ ಹೊರಟದ್ದು ಮನೆಯಿಂದ ಒಂದು ಹರದಾರಿ ದೂರಕ್ಕೆ ಮಾತ್ರ. ಇಷ್ಟು ಹತ್ತಿರಕ್ಕೆ ಭಾರೀ ತಯಾರಿ ಯಾಕೆಂದು, ಆರಾಮ ನಡಿಗೆಯ, ಆದರೆ ಅಷ್ಟೇನೂ ಗಟ್ಟಿಯಲ್ಲದ ಸಣ್ಣ ಕುದುರೆಯೊಂದನ್ನು ಹತ್ತಿದ. ಹಿಂದೆ ಆಳುಗಳೂ ಕುದುರೆ ಏರಿ ಬಂದರು.

ವಾಪಸು ಬರುವಾಗ ಅನಾಹುತ ನಡೆಯಿತು. ಆಳುಗಳಲ್ಲಿ ಒಬ್ಬ ಎತ್ತರದ ಬಲಶಾಲಿ. ಲಗಾಮಿಗೆ ಬಗ್ಗದ ಒಂದು ದೈತ್ಯ ಕುದುರೆಯ ಮೇಲಿದ್ದ. ಜೊತೆಯವರಿಗೆ ತನ್ನ ಗತ್ತು ತೋರಿಸುವ ಹುಮ್ಮಸ್ಸಿನಲ್ಲಿ ಅವರನ್ನು ಹಿಂದೆ ಹಾಕಿ ನಾಗಾಲೋಟದಲ್ಲಿ ಓಡಿಸಿದ. ಅದು ನೇರವಾಗಿ ಯಜಮಾನನ ದಾರಿಗೇ ನುಗ್ಗಿ ಬಡಿಯಿತು. ಸಣ್ಣ ಕುದುರೆ, ಸಣ್ಣ ಮೈಕಟ್ಟಿನ ಸವಾರ ಇಬ್ಬರೂ ಪಲ್ಟಿ ಹೊಡೆದರು. ಕುದುರೆ ಅಲ್ಲೇ ಬಿತ್ತು. ಸವಾರ ಹತ್ತು ಹನ್ನೆರಡು ಹೆಜ್ಜೆ ಆಚೆ ಅಂಗಾತ ಬಿದ್ದಿದ್ದ. ಕೈಯಲ್ಲಿದ್ದ ಕತ್ತಿ ಇನ್ನೂ ದೂರಕ್ಕೆ ಹಾರಿತ್ತು. ಸೊಂಟದ ಪಟ್ಟಿ ಚೂರಾಗಿತ್ತು.

ಎರಡು ಗಂಟೆಗೂ ಹೆಚ್ಚು ಹೊತ್ತು ಆತ ಸತ್ತವನಂತೆಯೇ ಇದ್ದ. ಹೊತ್ತು ತರುವಾಗ ದಾರಿಯಲ್ಲಿ ಮೆಲ್ಲಗೆ ಉಸಿರಾಡಿ ಅಲುಗಿದ. ಹಿಡಿದು ನಿಲ್ಲಿಸಿದಾಗ ಹೊಟ್ಟೆಯಲ್ಲಿ ತುಂಬಿದ್ದ ರಕ್ತ ವಾಂತಿಯಾಯಿತು. ದಾರಿಯುದ್ದಕ್ಕೂ ಹಾಗೆಯೇ ಮತ್ತೆ ಮತ್ತೆ ಆಯಿತು. ಕಣ್ಣು ತೆರೆದರೆ ಬೆಳಕೊಂದು ಬಿಟ್ಟು ಏನೂ ಕಾಣದು. ಸುತ್ತಮುತ್ತ ಗುಂಡಿನ ಸದ್ದು ಕೇಳುತ್ತಿದ್ದ ಕಾಲವಾದ್ದರಿಂದ, ತನ್ನ ತಲೆಗೆ ಗುಂಡು ತಗುಲಿದೆ ಎಂದೇ ಆತ ಭಾವಿಸಿದ.

ಆಳುಗಳು ಕಂಡದ್ದು, ಆತ ಅನುಭವಿಸಿದ್ದು

ಮಾಂಟೇನ್‌ನ ಬರಹದ ಸ್ವಾರಸ್ಯ ಇರುವುದೇ ಇಲ್ಲಿ. ಹೊರಗಿನವರು ಕಂಡದ್ದನ್ನೂ ತನಗೆ ಒಳಗೆ ಅನಿಸಿದ್ದನ್ನೂ ಆತ ಬೇರೆ ಬೇರೆಯಾಗಿ ದಾಖಲಿಸಿದ.

ಹೊರಗಿನವರು ಕಂಡದ್ದು ಭೀಕರ ನೋಟ. ಆತ ಉಗುರಿನಿಂದ ತನ್ನ ಅಂಗಿಯನ್ನು ಪರಪರ ಹರಿದುಕೊಳ್ಳುತ್ತಿದ್ದ. ಮನೆ ಹತ್ತಿರವಾದಂತೆ ಸುದ್ದಿ ತಿಳಿದ ಮನೆಮಂದಿ ಗೋಳಾಡುತ್ತ ಎದುರು ಓಡಿ ಬಂದರು. ಕೇಳಿದ ಪ್ರಶ್ನೆಗಳಿಗೆ ಆತ ಉತ್ತರವನ್ನೂ ಕೊಟ್ಟ. ಕಡಿದಾದ ಹಾದಿಯಲ್ಲಿ ಎಡವುತ್ತ ಬರುತ್ತಿದ್ದ ಹೆಂಡತಿಯನ್ನು ನೋಡಿ, ಅವಳಿಗೊಂದು ಕುದುರೆ ಕೊಡಿ ಎಂದು ಆಜ್ಞೆಯನ್ನೂ ಮಾಡಿದನಂತೆ!

ಆದರೆ ಇದ್ಯಾವುದೂ ಆತನ ಅರಿವಿನಲ್ಲಿ ಇರಲಿಲ್ಲ. ತಾನೆಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಒಳಗೆ ನೋವೂ ಇಲ್ಲ, ಭಯವೂ ಇಲ್ಲ. ಜೀವ ತುಟಿಯ ತುದಿಯಲ್ಲಿ ನಿಂತಂತೆ ಅನಿಸಿತ್ತು. ಕಣ್ಣು ಮುಚ್ಚಿ ಅದನ್ನು ಹೊರಗೆ ಕಳಿಸಿಬಿಡುವುದರಲ್ಲಿ, ನಿದ್ದೆಗೆ ಜಾರುವಾಗ ಸಿಗುವಂಥ ಒಂದು ಸುಖವಿತ್ತು. ಹಾಸಿಗೆಯ ಮೇಲೆ ಮಲಗಿಸಿದಾಗ ಹೇಳಲಾರದ ನೆಮ್ಮದಿ. ಔಷಧಿಗಳನ್ನು ತಂದು ಕೊಟ್ಟರೆ ಆತ ಬೇಡವೆಂದ. ತಲೆಗಾದ ಪೆಟ್ಟಿನಿಂದ ತಾನು ಬದುಕುವುದಿಲ್ಲ ಎಂದು ಆತನಿಗೆ ಖಾತ್ರಿಯಾಗಿತ್ತು.

ನೋವು ಶುರುವಾದದ್ದು ಜೀವ ಮರಳಿದ ಮೇಲೆ. ಎರಡು ಮೂರು ಗಂಟೆ ಕಳೆದು ಪ್ರಜ್ಞೆ ತಿಳಿಯಾದಂತೆ ಮೈಯ ಒಂದೊಂದು ಭಾಗವೂ ಜಜ್ಜಿದ ನೋವು ಎದ್ದಿತು. ಮುಂದಿನ ಎರಡು ಮೂರು ರಾತ್ರಿ ಇನ್ನೊಮ್ಮೆ ಸಾಯುತ್ತೇನೆ ಎನ್ನುವಷ್ಟು ಯಾತನೆ. ವರ್ಷಗಳ ಮೇಲೆ ಈ ಕಥೆ ಬರೆಯುವಾಗಲೂ ಆ ಪೆಟ್ಟಿನ ನೋವು ಮೈಯಲ್ಲಿ ಉಳಿದಿತ್ತು.

ಕೊನೆಗೆ ಮರಳಿದ್ದು ನೆನಪು

ಎಲ್ಲಕ್ಕಿಂತ ತಡವಾಗಿ ಬಂದದ್ದು ಅಪಘಾತದ ನೆನಪು. ಎಲ್ಲಿಗೆ ಹೋಗಿದ್ದೆ, ಎಲ್ಲಿಂದ ಬರುತ್ತಿದ್ದೆ, ಎಷ್ಟು ಹೊತ್ತಿಗೆ ಆಯಿತು ಎಂದು ಆತ ಮನೆಯವರಿಂದ ಮತ್ತೆ ಮತ್ತೆ ಹೇಳಿಸಿಕೊಂಡ. ಹೇಗೆ ಬಿದ್ದೆ ಎಂದು ಕೇಳಿದರೆ ಮಾತ್ರ ನಿಜವಾದ ಉತ್ತರ ಸಿಗಲಿಲ್ಲ. ಜೊತೆಯಲ್ಲಿದ್ದವರು ಬೇರೇನೋ ಕಾರಣ ಹೆಣೆದು ಹೇಳಿದರು. ತಪ್ಪು ಮಾಡಿದ ಆ ಆಳನ್ನು ಉಳಿಸುವುದು ಅವರ ಉದ್ದೇಶ. ಯಜಮಾನನನ್ನು ಕೊಂದಷ್ಟು ಕೆಲಸ ಮಾಡಿದವನಿಗೆ ಆ ಕಾಲದಲ್ಲಿ ಏನು ಕಾದಿರುತ್ತಿತ್ತೆಂದು ಅವರಿಗೆ ಗೊತ್ತಿತ್ತು.

ಮರುದಿನ ನೆನಪು ಬಾಗಿಲು ತೆರೆಯಿತು. ತನ್ನ ಮೇಲೆ ಎರಗಿ ಬರುತ್ತಿದ್ದ ಆ ಕುದುರೆ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಸಿಡಿಲು ಹೊಡೆದಂತೆ ಜೀವ ನಡುಗಿತು. ಇನ್ನೊಂದು ಲೋಕದಿಂದ ಮರಳಿ ಬಂದಂತೆ ಅನಿಸಿತು. ಸತ್ಯ ತಿಳಿದ ಮೇಲೂ ಮಾಂಟೇನ್ ತನ್ನ ಬರಹದಲ್ಲಿ ಆ ಆಳಿನ ಹೆಸರು ಹೇಳಲಿಲ್ಲ. ಬೈಗುಳವಿಲ್ಲ, ಶಿಕ್ಷೆಯ ಮಾತಿಲ್ಲ. ಸುಳ್ಳು ಹೇಳಿದವರ ಮೇಲೂ ಸಿಟ್ಟಿಲ್ಲ.

ಇಂದಿನ ವೈದ್ಯಶಾಸ್ತ್ರಕ್ಕೆ ಈ ವಿವರಗಳು ಚೆನ್ನಾಗಿ ಪರಿಚಿತ. ತಲೆಗೆ ಬಲವಾದ ಪೆಟ್ಟು ಬಿದ್ದವನು ಎದ್ದು ನಡೆಯಬಹುದು, ಕೇಳಿದ್ದಕ್ಕೆ ಉತ್ತರ ಕೊಡಬಹುದು. ಆದರೂ ಮೆದುಳು ಆ ಹೊತ್ತಿನ ಯಾವುದನ್ನೂ ನೆನಪಿನಲ್ಲಿ ದಾಖಲಿಸದೆ ಇರಬಹುದು. ಪೆಟ್ಟಿಗೆ ಮುಂಚಿನ ಕ್ಷಣಗಳೂ ಅಳಿಸಿ ಹೋಗುವುದುಂಟು. ಆರ್ನೋನಿಗೆ ಆದಂಥದ್ದಕ್ಕೂ ಇಂದು ವಿವರಣೆ ಇದೆ. ಕಿವಿಯ ಮೇಲ್ಭಾಗದ ತೆಳು ಮೂಳೆಯ ಒಳಬದಿಯಲ್ಲಿ ರಕ್ತನಾಳವೊಂದಿದೆ. ಅದು ಒಡೆದರೆ ಒಳಗೆ ರಕ್ತ ಮೆಲ್ಲಗೆ ತುಂಬುತ್ತದೆ. ಕೆಲವು ಗಂಟೆ ಮನುಷ್ಯ ಸರಿಯಾಗಿಯೇ ಇರುತ್ತಾನೆ, ಆಮೇಲೆ ಕುಸಿಯುತ್ತಾನೆ. ಈಗ ಕುದುರೆಯ ಜಾಗಕ್ಕೆ ಬೈಕ್ ಬಂದಿದೆ. ಬಿದ್ದವನು ಎದ್ದು ಮಾತಾಡಿದ ಮಾತ್ರಕ್ಕೆ ಏನೂ ಆಗಿಲ್ಲ ಎಂದು ತಿಳಿಯಬಾರದು. ಪ್ರಜ್ಞೆ ತಪ್ಪಿದ್ದರೆ, ವಾಂತಿ, ಮಂಪರು, ಹೆಚ್ಚುವ ತಲೆನೋವು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಅಣ್ಣತಮ್ಮಂದಿರ ಕಾಲಕ್ಕೆ ಸ್ಕ್ಯಾನಿಂಗ್ ಇರಲಿಲ್ಲ, ತಲೆಬುರುಡೆಯ ಒಳಗೆ ಏನಾಗಿದೆ ಎಂದು ನೋಡುವ ದಾರಿ ಇರಲಿಲ್ಲ. ಒಬ್ಬ ಸತ್ತ, ಒಬ್ಬ ಉಳಿದ.

ಗೋಪುರದ ಕೋಣೆ

1570ರಲ್ಲಿ ಮಾಂಟೇನ್ ನ್ಯಾಯಾಲಯದ ಹುದ್ದೆ ಬಿಟ್ಟ. 1571ರಲ್ಲಿ ತನ್ನ 38ನೆಯ ಹುಟ್ಟುಹಬ್ಬದ ದಿನಾಂಕ ಹಾಕಿ, ಇನ್ನು ಮುಂದಿನ ಬದುಕು ಓದು ಮತ್ತು ಏಕಾಂತಕ್ಕೆ ಎಂದು ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದ. ಮನೆಯ ಮೂಲೆಯ ಗೋಪುರವೇ ಆತನ ಬಿಡಾರವಾಯಿತು. ಕೆಳಗೆ ಪ್ರಾರ್ಥನೆಯ ಕೋಣೆ, ನಡುವೆ ಮಲಗುವ ಕೋಣೆ, ಮೇಲೆ ಸುಮಾರು 1000 ಪುಸ್ತಕಗಳ ಗ್ರಂಥಾಲಯ. ಅದರ ತೊಲೆಗಳ ಮೇಲೆಲ್ಲ ಗ್ರೀಕ್, ಲ್ಯಾಟಿನ್ ಸೂಕ್ತಿಗಳು.

ಅಲ್ಲಿ ಕುಳಿತು ಆತ ಬರೆಯತೊಡಗಿದ. ತನ್ನ ಬರಹಗಳಿಗೆ ಪ್ರಯತ್ನ, ಪರೀಕ್ಷೆ ಎಂಬ ಅರ್ಥದ ಎಸ್ಸೇ ಎಂಬ ಫ್ರೆಂಚ್ ಶಬ್ದವನ್ನು ಆರಿಸಿದ. 1580ರಲ್ಲಿ ಬೋರ್ಡೋದಲ್ಲಿ ಮೊದಲ ಎರಡು ಸಂಪುಟ ಅಚ್ಚಾದವು. 1588ರಲ್ಲಿ ಮೂರನೆಯದು ಸೇರಿತು. ಒಟ್ಟು 107 ಅಧ್ಯಾಯ. ಕುದುರೆಯಿಂದ ಬಿದ್ದ ಕಥೆ ಬರುವುದು ಎರಡನೆಯ ಸಂಪುಟದ ಆರನೆಯ ಅಧ್ಯಾಯದಲ್ಲಿ. ಅದರ ಶೀರ್ಷಿಕೆಗೆ ಅಭ್ಯಾಸ ಎಂಬ ಅರ್ಥ. ಆ ಅಪಘಾತ ನಡೆದದ್ದು ಎರಡನೆಯ ಯುದ್ಧದಲ್ಲೋ ಮೂರನೆಯದರಲ್ಲೋ ಎಂದು ಸರಿಯಾಗಿ ನೆನಪಿಲ್ಲ ಎಂದು ಅಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ.

ಸಾವನ್ನು ಯಾರೂ ಎರಡು ಸಲ ಅಭ್ಯಾಸ ಮಾಡಲಾರರು. ಎಲ್ಲರೂ ಅದರಲ್ಲಿ ಹೊಸಬರೇ. ಆದರೆ ಅದರ ಹೊಸ್ತಿಲವರೆಗೆ ಹೋಗಿ ನೋಡಿ ಬರಬಹುದು ಎಂಬುದು ಆ ಅಧ್ಯಾಯದ ತಿರುಳು. ಹೋಗಿ ನೋಡಿದವನಿಗೆ ಕಂಡದ್ದು ಪುಸ್ತಕಗಳು ಹೆದರಿಸಿದಂಥ ದೃಶ್ಯವಲ್ಲ. ಹತ್ತಿರ ನಿಂತವರಿಗೆ ನರಳಾಟವಾಗಿ ಕಂಡದ್ದು ಒಳಗಿದ್ದವನಿಗೆ ಮೆಲ್ಲನೆ ಜಾರಿದ ಅನುಭವವಾಗಿತ್ತು. ಗೆಳೆಯ, ತಂದೆ, ತಮ್ಮ, ಮಗು ಹೀಗೆ ಸಾಲು ಸಾಲಾಗಿ ಕಳೆದುಕೊಂಡವನಿಗೆ ಇದು ಸಣ್ಣ ಸಮಾಧಾನವಲ್ಲ.

ಮತ್ತೆ ಕುದುರೆಯ ಮೇಲೆ

ಬಿದ್ದೆನೆಂದು ಆತ ಸವಾರಿ ಬಿಡಲಿಲ್ಲ. 45 ದಾಟಿದ ಮೇಲೆ ಮೂತ್ರಪಿಂಡದ ಕಲ್ಲಿನ ಕಾಯಿಲೆ ಅಂಟಿಕೊಂಡಿತು. ತಂದೆಗೂ ಇದ್ದ ಕಾಯಿಲೆ ಅದು. ಆ ನೋವಿನಲ್ಲೂ ಎಂಟು ಹತ್ತು ಗಂಟೆ ಕುದುರೆ ಇಳಿಯದೆ ಸಾಗುತ್ತಿದ್ದ. ಸಾಯುವುದಾದರೆ ಹಾಸಿಗೆಗಿಂತ ಕುದುರೆಯ ಮೇಲೆ ಸಾಯುವುದೇ ಮೇಲು ಎಂಬುದು ಆತನ ಮನದ ಇಂಗಿತ.

1580ರ ಜೂನ್‌ನಲ್ಲಿ ಹೊರಟು ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿ 17 ತಿಂಗಳ ನಂತರ ಮನೆ ಸೇರಿದ. ಆ ಪ್ರವಾಸದ ದಿನಚರಿಯ ಒಂದು ಭಾಗ ಫ್ರೆಂಚಿನಲ್ಲಿದ್ದರೆ, ಇಟಲಿಯಲ್ಲಿದ್ದಾಗ ಬರೆದ ಒಂದು ಭಾಗ ಇಟಾಲಿಯನ್‌ನಲ್ಲಿದೆ. ಆಲ್ಪ್ಸ್ ಪರ್ವತದ ಗಡಿಯಲ್ಲಿ ಫ್ರೆಂಚ್ ಮಾತು ಕಿವಿಗೆ ಬಿದ್ದ ಕೂಡಲೇ ಪರಭಾಷೆ ಬಿಟ್ಟು ಫ್ರೆಂಚಿಗೆ ಮರಳಿದ. ಈ ದಿನಚರಿ ಆತನ ಮನೆಯ ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕಿದ್ದು 1770ರಲ್ಲಿ!

ಇಟಲಿಯಲ್ಲಿದ್ದಾಗಲೇ ಬೋರ್ಡೋದ ಮೇಯರ್ ಹುದ್ದೆಗೆ ಆಯ್ಕೆಯಾದ ಸುದ್ದಿ ಬಂತು. 1581ರಿಂದ 1585ರವರೆಗೆ ಎರಡು ಅವಧಿ ಆ ಕೆಲಸ ಮಾಡಿದ. ಪ್ರಾಟೆಸ್ಟೆಂಟರ ನಾಯಕ ನವಾರ್‌ನ ಹೆನ್ರಿಗೂ ಕ್ಯಾಥೊಲಿಕ್ ಅರಸನಿಗೂ ನಡುವೆ ಸಂಧಾನದ ಮಾತು ಸಾಗಿಸಿದ. ಸುತ್ತಲಿನ ಮನೆಗಳವರು ಕೋಟೆ ಕಟ್ಟಿ ಕಾವಲು ಹಾಕಿದರೆ ಈತನ ಬಾಗಿಲಲ್ಲಿ ಇದ್ದದ್ದು ಒಬ್ಬ ಮುದಿ ದ್ವಾರಪಾಲಕ ಮಾತ್ರ.

1585-86ರಲ್ಲಿ ಆ ಸೀಮೆಗೆ ಪ್ಲೇಗ್ ಬಡಿಯಿತು. ಮಾಂಟೇನ್ ಸಂಸಾರ ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ಅಲೆದ. ಕೊಯ್ಯುವವರಿಲ್ಲದೆ ದ್ರಾಕ್ಷಿ ಗೊಂಚಲು ಬಳ್ಳಿಯಲ್ಲೇ ನೇತಾಡಿದವು. ಹಳ್ಳಿಯ ಜನ ಗದ್ದಲವಿಲ್ಲದೆ ತಮ್ಮ ಗುಂಡಿ ತಾವೇ ತೋಡಿಕೊಂಡದ್ದನ್ನು ಆತ ಕಂಡ. ಆತನ ಕೂಲಿಯಾಳೊಬ್ಬ ಸಾಯುತ್ತ ಸಾಯುತ್ತ ಕೈಕಾಲಿನಿಂದ ಮಣ್ಣೆಳೆದು ತನ್ನ ಮೇಲೆ ಹಾಕಿಕೊಂಡನಂತೆ. ಒಂದಕ್ಷರ ಓದದ ಈ ಜನರಿಗೆ ಯಾವ ತತ್ವಜ್ಞಾನಿಯೂ ಸಾವಿನ ಪಾಠ ಹೇಳಿರಲಿಲ್ಲ. ಮೂರನೆಯ ಸಂಪುಟ ಬರೆಯುವ ಹೊತ್ತಿಗೆ ಮಾಂಟೇನ್ ತನ್ನ ಹಳೆಯ ಗುರುಗಳನ್ನು ಬಿಟ್ಟು ಈ ರೈತರ ಕಡೆ ನಿಂತ. ಸಾಯುವುದು ಹೇಗೆಂದು ತಿಳಿಯದಿದ್ದರೆ ಚಿಂತೆ ಬೇಡ, ಆ ಹೊತ್ತಿಗೆ ಪ್ರಕೃತಿಯೇ ಕಲಿಸುತ್ತದೆ ಎಂಬ ಮಾತಿಗೆ ಬಂದು ಮುಟ್ಟಿದ. ಸುಮಾರು 20 ವರ್ಷದ ಹಿಂದೆ ಏರುದಾರಿಯಲ್ಲಿ ಆಳುಗಳ ತೋಳಿನಲ್ಲಿ ಮಲಗಿದ್ದಾಗ ಆತನ ಮೈ ಕಲಿತದ್ದೂ ಅದನ್ನೇ.

ಕೊನೆಯ ವರ್ಷಗಳಲ್ಲಿ ಆತ 1588ರ ಅಚ್ಚಿನ ಪ್ರತಿಯ ಅಂಚಿನಲ್ಲಿ ಹೊಸ ಮಾತುಗಳನ್ನು ಸೇರಿಸುತ್ತಲೇ ಹೋದ. ಕುದುರೆಯ ಕಥೆಯ ಕೊನೆಗೂ ಉದ್ದನೆಯ ಭಾಗವೊಂದನ್ನು ಸೇರಿಸಿದ. ಒಬ್ಬ ಮನುಷ್ಯ ತನ್ನನ್ನೇ ಗಮನಿಸಿ ಬರೆಯುವುದು ಅಹಂಕಾರವಲ್ಲ ಎಂಬ ಸಮರ್ಥನೆ ಅದರಲ್ಲಿದೆ. ಆ ಪ್ರತಿ ಇಂದಿಗೂ ಬೋರ್ಡೋದ ಗ್ರಂಥಾಲಯದಲ್ಲಿದೆ. ಆತ ಮಗಳಂತೆ ಕಂಡ ಮಾರಿ ದ ಗೂರ್ನೆ 1595ರಲ್ಲಿ ವಿಸ್ತೃತ ಆವೃತ್ತಿಯನ್ನು ಹೊರತಂದಳು.

ಅಷ್ಟರಲ್ಲಿ ಮಾಂಟೇನ್ ಇರಲಿಲ್ಲ. 1592ರ ಸೆಪ್ಟೆಂಬರ್ 13ರಂದು, 59ನೆಯ ವಯಸ್ಸಿನಲ್ಲಿ, ಗಂಟಲ ಬಾವಿನಿಂದ ಮಾತು ನಿಂತು, ಮನೆಯ ಹಾಸಿಗೆಯಲ್ಲೇ ತೀರಿಕೊಂಡ. ಕುದುರೆಯ ಮೇಲಿನ ಸಾವು ಆತನಿಗೆ ದಕ್ಕಲಿಲ್ಲ.

1885ರಲ್ಲಿ ಆ ದೊಡ್ಡ ಮನೆಗೆ ಬೆಂಕಿ ಬಿದ್ದು ಅದನ್ನು ಮತ್ತೆ ಕಟ್ಟಬೇಕಾಯಿತು. ಗೋಪುರಕ್ಕೆ ಮಾತ್ರ ಬೆಂಕಿ ತಾಗಲಿಲ್ಲ. ಮೆಟ್ಟಿಲು ಹತ್ತಿ ಹೋದವರು ಇಂದಿಗೂ ತೊಲೆಗಳ ಮೇಲಿನ ಅಕ್ಷರಗಳನ್ನು ನೋಡಬಹುದು. ಗ್ರೀಕ್, ರೋಮನ್ ಪಂಡಿತರ ಮಾತುಗಳೆಲ್ಲ ಅಲ್ಲಿವೆ. ಬಿದ್ದ ಯಜಮಾನನನ್ನು ಅರ್ಧ ಹರದಾರಿ ಕೈ ಬದಲಿಸುತ್ತ ಹೊತ್ತು ತಂದು, ಆಮೇಲೆ ಜೊತೆಗಾರನಿಗಾಗಿ ಸುಳ್ಳು ಹೇಳಿದ ಆಳುಗಳ ಹೆಸರು ಎಲ್ಲೂ ಇಲ್ಲ. ಆದರೆ ಅವರು ಮಾಡಿದ್ದೆಲ್ಲ ಆ ಪುಸ್ತಕದಲ್ಲಿ ಉಳಿದಿದೆ.